ತಂತ್ರಾಂಶ ಬರೆಯುವುದು ಅಗ್ಗವಾಯಿತು, ಸಾಕುವುದು ಆಗಿಲ್ಲ

ವಾಣಿಜ್ಯ ಹಾಗೂ ಕೈಗಾರಿಕಾ ವಲಯದಲ್ಲಿ ಕೃತಕ ಬುದ್ಧಿಮತ್ತೆಯ ಮಾತು ಕೇಳದ ದಿನ ಈಗ ಇಲ್ಲವೆಂದೇ ಹೇಳಬೇಕು. ಸಾವಿರಾರು ರೂಪಾಯಿ ತೆತ್ತು ಲೆಕ್ಕಪತ್ರದ ತಂತ್ರಾಂಶ ಕೊಳ್ಳುವುದೇಕೆ, ನಿರ್ವಹಣೆಯ ಹೆಸರಿನಲ್ಲಿ ವರ್ಷವರ್ಷವೂ ಹಣ ಕಟ್ಟುವುದೇಕೆ, ಬೇಕಾದುದನ್ನು ಮಾತಿನಲ್ಲಿ ಹೇಳಿದರೆ ಗಣಕವೇ ತಂತ್ರಾಂಶ ಬರೆದುಕೊಡುತ್ತದೆ ಎನ್ನುತ್ತ ಮಳಿಗೆಯ ಬಾಗಿಲಿಗೆ ಬರುವವರು ಹೆಚ್ಚಿದ್ದಾರೆ. ಇದೆಲ್ಲ ದೊಡ್ಡ ಕಂಪೆನಿಗಳ ವಿಚಾರ, ನಮಗೇಕೆ ಎಂದು ದೂರ ಉಳಿಯುವ ಉದ್ಯಮಿಗಳೂ ಅಷ್ಟೇ ಸಂಖ್ಯೆಯಲ್ಲಿದ್ದಾರೆ. ಸಣ್ಣ ಉದ್ದಿಮೆಗಳಿಗೆ ತಂತ್ರಾಂಶ ಬರೆಯುವುದನ್ನೇ ವೃತ್ತಿಯಾಗಿಸಿಕೊಂಡಿರುವ ನನಗೆ ಈ ಎರಡೂ ನಿಲುವುಗಳು ಒಪ್ಪಿಗೆಯಾಗುವುದಿಲ್ಲ. ಬರೆಯುವ ಖರ್ಚು ನಿಜವಾಗಿಯೂ ಇಳಿದಿದೆ. ಬರೆದದ್ದನ್ನು ವರ್ಷಾನುಗಟ್ಟಲೆ ಸಾಕಿಕೊಂಡು ಬರುವ ಖರ್ಚು ಇಳಿದಿಲ್ಲ. ಯಾವ ಕೆಲಸಕ್ಕೆ ಮನೆಯಲ್ಲೇ ಮಾಡಿಕೊಂಡ ಸಾಧನ ಸಾಕು, ಯಾವುದಕ್ಕೆ ಸಾಲದು ಎಂಬುದನ್ನು ಉದ್ಯಮಿಯೇ ತೀರ್ಮಾನಿಸಬೇಕಾಗಿ ಬಂದಿದೆ.

ಮನೆಯಲ್ಲೇ ಮಾಡಿದ್ದೆಂದರೆ ಕೀಳೆಂದು ಭಾವಿಸಬೇಕಾಗಿಲ್ಲ. ನಮ್ಮ ಸದಸ್ಯರಲ್ಲಿ ಅನೇಕರ ಲೆಕ್ಕ ನಡೆಯುವ ಟ್ಯಾಲಿ ಹುಟ್ಟಿದ್ದೇ ಒಂದು ವ್ಯಾಪಾರದ ಮನೆಯಲ್ಲಿ. ಗಿರಣಿಗಳಿಗೆ ಕಚ್ಚಾವಸ್ತು ಹಾಗೂ ಯಂತ್ರದ ಬಿಡಿಭಾಗಗಳನ್ನು ಒದಗಿಸುತ್ತಿದ್ದ ಶ್ಯಾಮ್ ಸುಂದರ್ ಗೋಯೆಂಕಾ ಅವರಿಗೆ ತಮ್ಮ ವ್ಯವಹಾರಕ್ಕೆ ಒಗ್ಗುವ ತಂತ್ರಾಂಶ ಮಾರುಕಟ್ಟೆಯಲ್ಲಿ ದೊರೆಯಲಿಲ್ಲ. ಗಣಿತದಲ್ಲಿ ಪದವಿ ಪಡೆದಿದ್ದ ಮಗ ಭರತ್ ಗೋಯೆಂಕಾ ಅವರಿಗೆ ಆ ಕೆಲಸ ವಹಿಸಿದರು. 1986ರಲ್ಲಿ ಬೆಂಗಳೂರಿನಲ್ಲಿ ಕಂಪೆನಿ ಆರಂಭವಾಯಿತು. ಖಾತೆಗಳಿಗೆ ಅಂಕೆಗಳ ಸಂಕೇತ ಕೊಡುವ ಗೋಜಿಲ್ಲದೆ ಹೆಸರಿನಿಂದಲೇ ಖಾತೆ ಬರೆಯುವ ಅನುಕೂಲ ಅದರಲ್ಲಿತ್ತು. ವರ್ತಕನು ಗಿರಾಕಿಯನ್ನು ನೆನಪಿಡುವುದು ಹೆಸರಿನಿಂದ ಎಂಬುದು ಗದ್ದಿಗೆಯ ಮೇಲೆ ಕುಳಿತವನಿಗೆ ಗೊತ್ತು, ತಂತ್ರಜ್ಞನಿಗೆ ಯಾರಾದರೂ ಹೇಳಿಯೇ ತಿಳಿಯಬೇಕು. ಇಂದು ಮುಕ್ತ ತಂತ್ರಾಂಶವಾಗಿ ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ಇಆರ್‌ಪಿನೆಕ್ಸ್ಟ್ ಕೂಡ ಇದೇ ಬಗೆಯದು. ಮುಂಬಯಿಯ ರುಷಭ್ ಮೆಹ್ತಾ ಅವರು ಮೊದಲಿಗೆ ತಮ್ಮ ಕುಟುಂಬದ ಪೀಠೋಪಕರಣ ಉದ್ದಿಮೆಯ ಅಗತ್ಯಕ್ಕಾಗಿ ಆ ಕೆಲಸಕ್ಕೆ ಕೈಹಚ್ಚಿದರು. ಇನ್ನು ಕನ್ನಡದಲ್ಲಿ ಪತ್ರ, ಕರಪತ್ರ, ಆಮಂತ್ರಣ ಟೈಪು ಮಾಡಿದ ಹಳಬರೆಲ್ಲ ಬಲ್ಲ 'ಬರಹ'ವನ್ನು ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದದ್ದು ಹವ್ಯಾಸವಾಗಿ. ಅನೇಕ ವರ್ಷ ಅದು ಉಚಿತವಾಗಿಯೇ ದೊರೆಯಿತು. ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಹವ್ಯಾಸವೆಂದೇ ಹೇಳಿಕೊಂಡು ಆರಂಭಿಸಿದ ಲಿನಕ್ಸ್ ಇಂದು ಪ್ರತಿಯೊಂದು ಆಂಡ್ರಾಯ್ಡ್ ಮೊಬೈಲಿನ ಒಳಗಿದೆ.

ಇವರೆಲ್ಲರಿಗೂ ತಮ್ಮ ಕಣ್ಣೆದುರಿನ ತೊಂದರೆ ಯಾವುದೆಂದು ಸ್ಪಷ್ಟವಾಗಿ ತಿಳಿದಿತ್ತು. ಅದನ್ನು ಗಣಕಕ್ಕೆ ಅರ್ಥವಾಗುವಂತೆ ಬರೆಯುವ ವಿದ್ಯೆಯೂ ಇತ್ತು. ಈ ಎರಡೂ ಒಬ್ಬನಲ್ಲಿ ಅಥವಾ ಒಂದು ಮನೆಯಲ್ಲಿ ಕೂಡಿಬರುವುದು ಇದುವರೆಗೆ ಅಪರೂಪವಾಗಿತ್ತು. ಹೊಸ ಉಪಕರಣಗಳು ಬದಲಿಸಿರುವುದು ಈ ಎರಡನೆಯದನ್ನು. 2021ರಲ್ಲಿ ಪ್ರಾಯೋಗಿಕವಾಗಿ ಬಂದ ಗಿಟ್‌ಹಬ್ ಕೋಪೈಲಟ್, 2022ರ ನವೆಂಬರಿನಲ್ಲಿ ಬಂದ ಚಾಟ್‌ಜಿಪಿಟಿ, ಅವುಗಳ ಬೆನ್ನಿಗೆ ಬಂದ ಇತರ ಸಾಧನಗಳಿಂದಾಗಿ ಸಾಮಾನ್ಯ ಭಾಷೆಯಲ್ಲಿ ಕೇಳಿ ಪ್ರೋಗ್ರಾಮು ಬರೆಯಿಸಿಕೊಳ್ಳುವುದು ಸಾಧ್ಯವಾಗಿದೆ. ಬರೆದುದನ್ನು ಓದಿಯೂ ನೋಡದೆ ನಡೆಸಿಬಿಡುವ ಪದ್ಧತಿಗೆ ಆಂದ್ರೇ ಕಾರ್ಪಥಿ 2025ರ ಫೆಬ್ರವರಿಯಲ್ಲಿ 'ವೈಬ್ ಕೋಡಿಂಗ್' ಎಂಬ ಹೆಸರನ್ನೂ ಇಟ್ಟರು.

ಈ ಸಾಧನಗಳನ್ನು ನಾನು ದಿನವೂ ಬಳಸುತ್ತೇನೆ. ಬ್ಯಾಂಕಿನ ವಿವರಪಟ್ಟಿಯನ್ನು ನಮಗೆ ಬೇಕಾದ ನಮೂನೆಗೆ ತಿರುಗಿಸುವುದು, ಎರಡು ದಾಸ್ತಾನು ಪಟ್ಟಿಗಳನ್ನು ಹೋಲಿಸಿ ವ್ಯತ್ಯಾಸ ತೋರಿಸುವುದು, ತೊಂಬತ್ತು ದಿನ ಮೀರಿದ ಬಾಕಿದಾರರ ಪಟ್ಟಿ ಮಾಡುವುದು ಮೊದಲಾದ ಬಿಡಿ ಕೆಲಸಗಳಲ್ಲಿ ಅವು ನನ್ನ ಅರ್ಧ ದಿನವನ್ನು ಅರ್ಧ ಗಂಟೆಗೆ ಇಳಿಸಿವೆ. ದೊಡ್ಡ, ಹಳೆಯ ತಂತ್ರಾಂಶದಲ್ಲಿ ಕೈಯಾಡಿಸುವಾಗ ಅಷ್ಟು ಲಾಭ ಕಂಡಿಲ್ಲ. ಅಮೆರಿಕದ ಮೆಟರ್ ಎಂಬ ಸಂಶೋಧನಾ ಸಂಸ್ಥೆ 2025ರ ಜುಲೈನಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಗಮನಾರ್ಹ. ತಾವೇ ಬೆಳೆಸಿದ ಮುಕ್ತ ತಂತ್ರಾಂಶಗಳಲ್ಲಿ 16 ಮಂದಿ ಅನುಭವಿಗಳು 246 ಕೆಲಸಗಳನ್ನು ಮಾಡಿದರು. ಕೃತಕ ಬುದ್ಧಿಮತ್ತೆಯ ನೆರವು ಪಡೆದಾಗ ಅವರಿಗೆ ಶೇ. 19ರಷ್ಟು ಹೆಚ್ಚು ಸಮಯ ಹಿಡಿಯಿತು. ಕೆಲಸ ಮುಗಿದ ಮೇಲೂ ಅವರು ತಮಗೆ ಶೇ. 20ರಷ್ಟು ಸಮಯ ಉಳಿಯಿತೆಂದೇ ನಂಬಿದ್ದರು. ಅಲ್ಲಿಂದೀಚೆಗೆ ಸಾಧನಗಳು ಸುಧಾರಿಸಿವೆ, ಹದಿನಾರು ಜನರ ಅನುಭವ ಎಲ್ಲರಿಗೂ ಅನ್ವಯಿಸದು, ಎಲ್ಲವೂ ಸರಿ. ಆದರೂ ವೃತ್ತಿನಿರತರಿಗೇ ಲಾಭನಷ್ಟದ ಅಂದಾಜು ಹೀಗೆ ತಪ್ಪುವುದಾದರೆ, 'ಒಂದು ವಾರದಲ್ಲಿ ಇಡೀ ವ್ಯವಸ್ಥೆ ಸಿದ್ಧ' ಎನ್ನುವ ಮಾರಾಟಗಾರನ ಮಾತನ್ನು ಎಷ್ಟು ಬೆಲೆಗೆ ಹಿಡಿಯಬೇಕೆಂದು ವರ್ತಕರಿಗೆ ಬೇರೆ ಹೇಳಬೇಕಾಗಿಲ್ಲ.

ಸಾಕುವ ಖರ್ಚೆಂದರೇನು ಎಂಬುದಕ್ಕೆ ಜಿಎಸ್‌ಟಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 2025ರ ಸೆಪ್ಟೆಂಬರ್ 22ರಂದು ದರಗಳ ಹಂತಗಳು ಬದಲಾದವು. ಬೆಣ್ಣೆ, ತುಪ್ಪದ ದರ ಶೇ. 12ರಿಂದ 5ಕ್ಕೆ, ಸಿಮೆಂಟಿನದು ಶೇ. 28ರಿಂದ 18ಕ್ಕೆ ಇಳಿಯಿತು. ಅನನುಭವಿಯೊಬ್ಬ, ಅಥವಾ ಅನನುಭವಿ ಕೇಳಿದ್ದಕ್ಕೆ ಉತ್ತರವಾಗಿ ಯಂತ್ರವು, ಬಿಲ್ಲಿನ ತಂತ್ರಾಂಶವನ್ನು ಹೇಗೆ ಬರೆಯುತ್ತದೆ ನೋಡಿ. ಸರಕುಗಳ ಪಟ್ಟಿಯಲ್ಲಿ ಪ್ರತಿ ಸರಕಿನ ಮುಂದೆ ತೆರಿಗೆಯ ದರ ಬರೆದಿಡುವುದು, ಬಿಲ್ಲನ್ನು ತೆರೆದಾಗಲೆಲ್ಲ ಅಲ್ಲಿಂದ ದರ ಓದಿ ಲೆಕ್ಕ ಹಾಕುವುದು. ನೋಡಲು ಇದು ಅಚ್ಚುಕಟ್ಟಾದ ಏರ್ಪಾಡು. ಎರಡು ವರ್ಷ ಯಾವ ದೋಷವೂ ಕಾಣದು. ದರ ಬದಲಾದ ಮರುದಿನ ಪಟ್ಟಿಯನ್ನು ತಿದ್ದಿದೊಡನೆ ಹಿಂದಿನ ಬಿಲ್ಲುಗಳೆಲ್ಲ ಹೊಸ ದರದಲ್ಲಿ ಮುದ್ರಣವಾಗತೊಡಗುತ್ತವೆ. ಆಗಸ್ಟಿನಲ್ಲಿ ಶೇ. 28ರ ದರದಲ್ಲಿ ಮಾರಿದ ಸಿಮೆಂಟಿನಲ್ಲಿ ಹತ್ತು ಚೀಲ ಅಕ್ಟೋಬರಿನಲ್ಲಿ ವಾಪಸು ಬಂದರೆ, ಕ್ರೆಡಿಟ್ ನೋಟಿನಲ್ಲಿ ಇರಬೇಕಾದುದು ಮೂಲ ಬಿಲ್ಲಿನ ಶೇ. 28. ತಂತ್ರಾಂಶ ತೋರಿಸುವುದು ಶೇ. 18. ದರವನ್ನು ಪ್ರತಿ ಬಿಲ್ಲಿನ ಪ್ರತಿ ಸಾಲಿನಲ್ಲೂ ಅಂದಿನಂತೆ ಬರೆದಿಡಬೇಕು ಎಂಬುದು ಅನುಭವಿಗೆ ಮೊದಲ ಪಾಠ. ಕೇಳಿದರೆ ಯಂತ್ರವೂ ಹಾಗೆಯೇ ಬರೆದುಕೊಡುತ್ತದೆ. ಕೇಳಬೇಕೆಂಬುದು ಕೇಳುವವನಿಗೆ ಗೊತ್ತಿರಬೇಕಷ್ಟೆ.

ಇ-ಇನ್ವಾಯ್ಸ್ ಕತೆಯೂ ಬೇರೆಯಲ್ಲ. 2020ರ ಅಕ್ಟೋಬರಿನಲ್ಲಿ 500 ಕೋಟಿ ರೂಪಾಯಿ ವಹಿವಾಟು ಮೀರಿದವರಿಗೆ ಮಾತ್ರವಿದ್ದ ನಿಯಮ, ಹಂತಹಂತವಾಗಿ ಇಳಿದು 2023ರ ಆಗಸ್ಟ್ 1ಕ್ಕೆ 5 ಕೋಟಿ ಮೀರಿದವರ ಬಾಗಿಲಿಗೆ ಬಂತು. ಕಂಪೆನಿ ಕಾಯ್ದೆಯಡಿ ನೋಂದಾಯಿತರಾದವರಿಗೆ ಇನ್ನೂ ಒಂದು ಕಟ್ಟುಪಾಡಿದೆ. 2023ರ ಏಪ್ರಿಲ್ 1ರಂದು ಆರಂಭವಾದ ಹಣಕಾಸು ವರ್ಷದಿಂದ, ಗಣಕದಲ್ಲಿ ಲೆಕ್ಕ ಇಡುವವರು ಪ್ರತಿ ನಮೂದಿನ ಪ್ರತಿ ತಿದ್ದುಪಡಿಯನ್ನೂ ದಿನಾಂಕ ಸಹಿತ ದಾಖಲಿಸುವ, ಆ ದಾಖಲೆಯನ್ನು ನಿಲ್ಲಿಸಲು ಅವಕಾಶವಿಲ್ಲದ ತಂತ್ರಾಂಶವನ್ನೇ ಬಳಸಬೇಕು. ಲೆಕ್ಕ ಪರಿಶೋಧಕರು ತಮ್ಮ ವರದಿಯಲ್ಲಿ ಇದನ್ನು ನಮೂದಿಸಲೇಬೇಕು. ಬಿಲ್ಲು, ತೆರಿಗೆ, ಸಂಬಳ, ಖಾತೆ ಪುಸ್ತಕ ಇವುಗಳ ಮಟ್ಟಿಗೆ ಬಹುಜನ ಬಳಸುವ, ನಿಯಮ ಬದಲಾದಾಗ ತಾನಾಗಿ ತಿದ್ದಿಕೊಡುವ ತಂತ್ರಾಂಶವನ್ನೇ ಕೊಳ್ಳುವುದು ಮೇಲೆಂಬುದು ನನ್ನ ಖಚಿತ ಅಭಿಪ್ರಾಯ. ಇಂಥ ತಂತ್ರಾಂಶವನ್ನು ಬರೆದುಕೊಟ್ಟು ಸಂಪಾದಿಸಬಹುದಾದ ನಾನೇ ಇದನ್ನು ಹೇಳುತ್ತಿದ್ದೇನೆ.

ಹಾಗಾದರೆ ಹವ್ಯಾಸದ ಕೆಲಸಕ್ಕೆ ಸ್ಥಾನವೆಲ್ಲಿ? ಪೀಣ್ಯದಲ್ಲೋ ಬೆಳಗಾವಿಯ ಉದ್ಯಮಬಾಗಿನಲ್ಲೋ ಆರು ಲೇತು, ಎರಡು ಮಿಲ್ಲಿಂಗ್ ಯಂತ್ರ ಇಟ್ಟುಕೊಂಡ ಘಟಕವನ್ನು ತೆಗೆದುಕೊಳ್ಳೋಣ. ಯಾವ ಯಂತ್ರ ಪಾಳಿಯಲ್ಲಿ ಎಷ್ಟು ಗಂಟೆ ನಿಜವಾಗಿ ಲೋಹ ಕತ್ತರಿಸಿತು, ಎಷ್ಟು ಹೊತ್ತು ಬರಿದೇ ತಿರುಗಿತು ಎಂಬ ಲೆಕ್ಕ ಮಾಲೀಕನ ಬಳಿ ಇರುವುದಿಲ್ಲ. ಮೇಸ್ತ್ರಿ ಬರೆದ ಪುಸ್ತಕವಷ್ಟೇ ಆಧಾರ. ಮೋಟಾರಿನ ಒಂದು ತಂತಿಯ ಸುತ್ತ ಹೊರಗಿನಿಂದ ಕಚ್ಚಿಸುವ ವಿದ್ಯುತ್ ಸಂವೇದಕ, ಅದಕ್ಕೆ ಜೋಡಿಸಿದ ಇಎಸ್‌ಪಿ 32 ಎಂಬ ವೈಫೈ ಇರುವ ಪುಟ್ಟ ಫಲಕ, ಇಷ್ಟಿದ್ದರೆ ಈ ಲೆಕ್ಕ ದೊರೆಯುತ್ತದೆ. ಯಂತ್ರ ನಿಂತಿದ್ದರೆ ತಂತಿಯಲ್ಲಿ ವಿದ್ಯುತ್ತಿಲ್ಲ, ಬರಿದೇ ತಿರುಗಿದರೆ ಸ್ವಲ್ಪ, ಕತ್ತರಿಸುವಾಗ ಹೆಚ್ಚು. ಅದನ್ನು ಕೆಲವು ಕ್ಷಣಗಳಿಗೊಮ್ಮೆ ಅಳೆದು ಬರೆದಿಟ್ಟರಾಯಿತು. ಶಾಂಘೈನ ಎಸ್ಪ್ರೆಸಿಫ್ ಕಂಪೆನಿ 2016ರಲ್ಲಿ ಬಿಡುಗಡೆ ಮಾಡಿದ ಈ ಚಿಪ್ಪಿನ ಫಲಕ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೆಲವು ನೂರು ರೂಪಾಯಿಗಳಿಗೆ ಸಿಗುತ್ತದೆ. ಸಂವೇದಕದ ಬೆಲೆಯೂ ನೂರರ ಲೆಕ್ಕದಲ್ಲೇ. ಪ್ರೋಗ್ರಾಮನ್ನು ಕೃತಕ ಬುದ್ಧಿಮತ್ತೆಯ ನೆರವಿನಿಂದ ಡಿಪ್ಲೊಮಾ ಓದಿದ ಹುಡುಗನೊಬ್ಬ ಎರಡು ಭಾನುವಾರಗಳಲ್ಲಿ ಸಿದ್ಧಪಡಿಸಬಲ್ಲ. ಫಲಕದ ಪೆಟ್ಟಿಗೆಗೆ ಕೈಹಾಕುವ ಕೆಲಸವನ್ನು ಮಾತ್ರ ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದಲೇ ಮಾಡಿಸಬೇಕು.

ಈ ಸಾಧನ ಸೋಮವಾರ ಬೆಳಿಗ್ಗೆ ಕೆಟ್ಟು ನಿಂತರೆ ಏನಾಗುತ್ತದೆ? ಏನೂ ಆಗುವುದಿಲ್ಲ. ಲೇತು ತಿರುಗುತ್ತದೆ, ಮೇಸ್ತ್ರಿಯ ಪುಸ್ತಕ ಇದ್ದೇ ಇದೆ. ನಾನು ಬಳಸುವ ಒರೆಗಲ್ಲು ಇದೊಂದೇ. ಕೆಟ್ಟರೆ ವ್ಯವಹಾರ ನಿಲ್ಲದ, ಸರಕಾರಕ್ಕೆ ಉತ್ತರಿಸಬೇಕಾಗಿಲ್ಲದ ಕಡೆ ಹವ್ಯಾಸಕ್ಕೆ ಧಾರಾಳವಾಗಿ ಅವಕಾಶ ಕೊಡಬಹುದು. ಉಗ್ರಾಣದಲ್ಲಿ ಕಡಿಮೆಯಾದ ಬಿಡಿಭಾಗದ ಎಚ್ಚರಿಕೆ, ಕುಲುಮೆಯ ಉಷ್ಣತೆಯ ದಾಖಲೆ, ದರಪಟ್ಟಿ ಸಿದ್ಧಪಡಿಸುವ ಹಾಳೆ ಇವೆಲ್ಲ ಆ ವರ್ಗದವೇ.

ಪ್ರಸಂಗವಶಾತ್ ಒಂದು ಮಾತು. ತಾಂತ್ರಿಕ ಕಾಲೇಜುಗಳ ಕೊನೆಯ ವರ್ಷದ ಪ್ರಾಜೆಕ್ಟುಗಳು ಅಂಗಡಿಯಲ್ಲಿ ಸಿದ್ಧವಾಗಿ ಮಾರಾಟವಾಗುವುದು ಗುಟ್ಟೇನಲ್ಲ. ಅದೇ ವಿದ್ಯಾರ್ಥಿಗಳಿಗೆ ನಮ್ಮ ಘಟಕಗಳ ಬಾಗಿಲು ತೆರೆದರೆ ಅವರಿಗೆ ನಿಜವಾದ ಸಮಸ್ಯೆ, ನಮಗೆ ಮೇಲೆ ಹೇಳಿದಂಥ ಸಾಧನ ದೊರೆಯುತ್ತದೆ. ಕೆಲಸಕ್ಕೆ ಬರುವ ಹುಡುಗ ಹುಡುಗಿಯರನ್ನು ನಾನು ಕೇಳುವ ಮೊದಲ ಪ್ರಶ್ನೆಯೇ ಯಾರೂ ಹೇಳದಿದ್ದರೂ ತಾವಾಗಿ ಏನನ್ನು ಮಾಡಿದ್ದೀರಿ ಎಂಬುದು. ತಂದೆಯ ಕಿರಾಣಿ ಅಂಗಡಿಗೆ ಉದ್ರಿ ಪುಸ್ತಕದ ಪುಟ್ಟ ತಂತ್ರಾಂಶ ಮಾಡಿದವನಿಗೆ ಅಂಕಪಟ್ಟಿ ಕೇಳುವುದಿಲ್ಲ.

ಹವ್ಯಾಸದ ಕೆಲಸಕ್ಕೆ ಅಪಾಯ ಬರುವುದು ಅದು ಯಶಸ್ವಿಯಾದ ಮೇಲೆ. ಎಲ್ಲರೂ ಅದನ್ನು ಅವಲಂಬಿಸುತ್ತಾರೆ, ನೋಡಿಕೊಳ್ಳುವವನು ಮಾತ್ರ ಒಬ್ಬನೇ ಇರುತ್ತಾನೆ. ಲಿನಕ್ಸ್ ವ್ಯವಸ್ಥೆಗಳಲ್ಲಿ ಕಡತಗಳನ್ನು ಕುಗ್ಗಿಸಲು ಬಳಸುವ 'ಎಕ್ಸ್‌ಜೆಡ್' ಎಂಬ ತಂತ್ರಾಂಶವನ್ನು ವರ್ಷಗಟ್ಟಲೆ ಒಬ್ಬರೇ ನೋಡಿಕೊಳ್ಳುತ್ತಿದ್ದರು. ಸಹಾಯಕನಂತೆ ಬಂದ ಅನಾಮಿಕನೊಬ್ಬ ಎರಡು ವರ್ಷಕ್ಕೂ ಮಿಕ್ಕಿ ವಿಶ್ವಾಸ ಗಳಿಸಿ, ಅದರೊಳಗೆ ಕಳ್ಳಬಾಗಿಲೊಂದನ್ನು ಇಟ್ಟುಬಿಟ್ಟ. 2024ರ ಮಾರ್ಚಿನಲ್ಲಿ ಆಂದ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರು, ದೂರದ ಗಣಕಕ್ಕೆ ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಹುಡುಕಲು ಹೊರಟು ಅದನ್ನು ಕಂಡುಹಿಡಿಯದಿದ್ದರೆ ಪ್ರಪಂಚದ ಅಸಂಖ್ಯ ಸರ್ವರುಗಳ ಕೀಲಿ ಪರರ ಕೈ ಸೇರುತ್ತಿತ್ತು. ಇದಕ್ಕೆ ಪ್ರತಿಯಾಗಿ, ಮೊಬೈಲುಗಳಲ್ಲೆಲ್ಲ ಇರುವ ಎಸ್‌ಕ್ಯೂಲೈಟ್ ದತ್ತಾಂಶ ತಂತ್ರಾಂಶವನ್ನು ರಿಚರ್ಡ್ ಹಿಪ್ 2000ದಲ್ಲಿ ಆರಂಭಿಸಿದರು. ಇಂದಿಗೂ ಅದು ಬೆರಳೆಣಿಕೆಯ ಜನರ ತಂಡವೇ. ಆದರೆ 2050ರ ವರೆಗೆ ನೋಡಿಕೊಳ್ಳುವ ಉದ್ದೇಶವನ್ನು ಅವರು ಬಹಿರಂಗವಾಗಿ ಪ್ರಕಟಿಸಿದ್ದಾರೆ. ನಮ್ಮ ಘಟಕದ ಮಟ್ಟಿಗೆ ಹೇಳುವುದಾದರೆ, ಎಕ್ಸೆಲ್ ಮ್ಯಾಕ್ರೋ ಬರೆದ ಗುಮಾಸ್ತ ಬೇರೆ ಕಡೆ ಕೆಲಸಕ್ಕೆ ಹೋದ ತಿಂಗಳು ಸಂಬಳದ ಪಟ್ಟಿ ಹೊರಡದಿರುವ ಪ್ರಸಂಗವೂ ಇದೇ ಜಾತಿಯದು.

ಇನ್ನೊಬ್ಬರಿಂದ ಬರೆಯಿಸುವವರು ಕಾನೂನಿನ ಒಂದು ಅಂಶವನ್ನು ಅವಶ್ಯ ತಿಳಿದಿರಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ, ಸಂಬಳದ ನೌಕರನು ಕೆಲಸದ ಭಾಗವಾಗಿ ಬರೆದ ತಂತ್ರಾಂಶದ ಹಕ್ಕು ಮಾಲೀಕನದು. ಹೊರಗಿನವನಿಗೆ ಗುತ್ತಿಗೆ ಕೊಟ್ಟು ಬರೆಯಿಸಿದರೆ, ಹಣ ಪೂರ್ತಿ ಕೊಟ್ಟಿದ್ದರೂ ಹಕ್ಕು ಬರೆದವನಲ್ಲೇ ಉಳಿಯುತ್ತದೆ. ವರ್ಗಾವಣೆ ಲಿಖಿತವಾಗಿರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷಕ್ಕೆ ಮಾತ್ರ ಎಂದು ಕಾಯ್ದೆ ಪರಿಗಣಿಸುತ್ತದೆ. ಬೋರ್‌ವೆಲ್ ಕೊರೆಸುವಾಗಲೂ ಕಾಗದ ಮಾಡಿಕೊಳ್ಳುವ ನಮ್ಮವರು ಇಲ್ಲಿ ಬಾಯಿಮಾತಿನಲ್ಲೇ ಮುಗಿಸುತ್ತಾರೆ.

ಕೊಳ್ಳುವ ಕಾಲ ಹೋಗಿ ಬಾಡಿಗೆಯ ಕಾಲ ಬಂದಿರುವುದರಿಂದ ಇದಕ್ಕೆ ಮತ್ತಷ್ಟು ಮಹತ್ವ. ಅಡೋಬಿ ಕಂಪೆನಿ 2013ರಲ್ಲಿ ಫೋಟೋಶಾಪಿನ ಹೊಸ ಆವೃತ್ತಿಗಳನ್ನು ಮಾಸಿಕ ಬಾಡಿಗೆಗೆ ಮಾತ್ರ ಕೊಡತೊಡಗಿದ್ದು ಮುದ್ರಣ ಉದ್ಯಮದ ಸದಸ್ಯರಿಗೆ ನೆನಪಿದ್ದೀತು. ಬಾಡಿಗೆ ತಪ್ಪಲ್ಲ. ಆದರೆ ಬಾಡಿಗೆ ನಿಲ್ಲಿಸಿದ ದಿನ ನಮ್ಮ ಗಿರಾಕಿಗಳ ಪಟ್ಟಿ, ಹಳೆಯ ಬಿಲ್ಲು, ದಾಸ್ತಾನಿನ ಲೆಕ್ಕ ನಮ್ಮ ಕೈಗೆ ಸಾಮಾನ್ಯ ಕಡತವಾಗಿ ಬರುತ್ತದೆಯೇ ಎಂಬುದನ್ನು ಹಣ ಕಟ್ಟುವ ಮೊದಲೇ, ಮಾರಾಟಗಾರನ ಎದುರಿನಲ್ಲೇ, ಒಮ್ಮೆ ತೆಗೆದು ನೋಡಬೇಕು.

ನಮ್ಮ ಸಂಸ್ಥೆಯಲ್ಲಿ ಒಂದು ವಿನಂತಿ. ವಕೀಲರೊಬ್ಬರ ನೆರವು ಪಡೆದು ಒಂದೇ ಪುಟದ ಮಾದರಿ ಕರಾರನ್ನು ಸಿದ್ಧಪಡಿಸಿ ಈ ಪತ್ರಿಕೆಯಲ್ಲಿ ಪ್ರಕಟಿಸಬಹುದು. ಕೃತಿಸ್ವಾಮ್ಯ ಯಾರದು, ಎಷ್ಟು ಅವಧಿಗೆ, ಮೂಲ ಕೋಡಿನ ಪ್ರತಿ ಯಾವಾಗ ಕೈಸೇರಬೇಕು, ತೆರಿಗೆ ನಿಯಮ ಬದಲಾದರೆ ಎಷ್ಟು ದಿನಗಳಲ್ಲಿ ತಿದ್ದಿಕೊಡಬೇಕು, ವ್ಯವಹಾರ ಮುರಿದರೆ ದತ್ತಾಂಶವನ್ನು ಯಾವ ರೂಪದಲ್ಲಿ ಹಿಂದಿರುಗಿಸಬೇಕು ಎಂಬಿಷ್ಟು ಅದರಲ್ಲಿದ್ದರೆ ಸಾಕು. ಕನ್ನಡದಲ್ಲಿರಲಿ, ಏಕೆಂದರೆ ಇಂಗ್ಲಿಷಿನ ಕರಾರನ್ನು ಓದದೆ ಸಹಿ ಹಾಕುವವರೇ ನಮ್ಮಲ್ಲಿ ಹೆಚ್ಚು.