ಕದ್ದು ಬೇಡ, ಕೇಳಿ ತೆಗೆಯಿರಿ

ಚೆಂಬೂರಿನ ಡೈಮಂಡ್ ಗಾರ್ಡನ್ನಿನಲ್ಲಿ ವಾಕಿಂಗ್ ಮುಗಿಸಿ ಸ್ಟೇಷನ್ ಕಡೆ ಬರುತ್ತೀರಿ. ನಿವೃತ್ತಿಯಾದ ಮೇಲೆ ಮಕ್ಕಳು ಕೊಡಿಸಿದ ಒಳ್ಳೆಯ ಫೋನ್ ಜೇಬಿನಲ್ಲಿದೆ. ಹೂ ಕಟ್ಟುತ್ತಿರುವ ಹೆಂಗಸಿನ ಮುಖದ ಮೇಲೆ ಎಳೆಬಿಸಿಲು. ಒಂದು ಫೋಟೋ ತೆಗೆಯೋಣ ಅನ್ನಿಸುತ್ತದೆ. ಅಷ್ಟರಲ್ಲಿ ಎದೆ ಡವಡವ, ಅಂಗೈ ಬೆವರು. ಫೋನ್ ಮತ್ತೆ ಜೇಬಿಗೆ. ಇಲ್ಲವೇ ಮೆಸೇಜ್ ನೋಡುವವರಂತೆ ನಟಿಸಿ ಕದ್ದು ಒಂದು ಕ್ಲಿಕ್.

ನನ್ನ ಮಟ್ಟಿಗೆ, ತೆಗೆಯದೆ ಬರುವುದಕ್ಕಿಂತ ಕದ್ದು ತೆಗೆಯುವುದೇ ಕೆಟ್ಟದ್ದು. ಆಕೆಗೂ ಅನ್ಯಾಯ, ನಿಮ್ಮ ಸಂಕೋಚಕ್ಕೂ ಮದ್ದಲ್ಲ. ಅಂಜಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ಅಲ್ಲೇ ನಿಂತರೆ ಸ್ವಲ್ಪ ಹೊತ್ತಿಗೆ ತಾನೇ ಇಳಿಯುತ್ತದೆ. ತಪ್ಪಿಸಿಕೊಂಡರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ ನಿಜ, ಆದರೆ ತಪ್ಪಿಸಿಕೊಂಡದ್ದೇ ಒಳ್ಳೆಯದಾಯಿತು ಎಂದು ಮಿದುಳು ಪಾಠ ಕಲಿತುಬಿಡುತ್ತದೆ. ಮುಂದಿನ ಸಲ ಭಯ ಇನ್ನೂ ಹೆಚ್ಚು. ಕದ್ದು ತೆಗೆಯುವುದೂ ಒಂದು ಬಗೆಯ ತಪ್ಪಿಸಿಕೊಳ್ಳುವಿಕೆಯೇ.

ಮೊದಲ ವಾರ ಫೋನ್ ಹೊರಗೆ ತೆಗೆಯಲೇಬೇಡಿ. ಹೂ ಕೊಳ್ಳಿ, ಎರಡು ಮಾತಾಡಿ. ಆಮೇಲೆ ಒಂದು ದಿನ ಕೇಳಿ: "ಮಾವಶಿ, ಏಕ್ ಫೋಟೋ ಕಾಢೂ ಕಾ?" ನಮ್ಮ ಮರಾಠಿ ಕೇಳಿ ನಕ್ಕಾರು ಎಂಬುದೇ ನಮ್ಮವರ ಅರ್ಧ ಅಂಜಿಕೆ. ನಗಲಿ ಬಿಡಿ, ನಗುಮುಖವೇ ತಾನೆ ನಿಮಗೆ ಬೇಕಾಗಿದ್ದು! 'ನಕೋ' ಎಂದರೆ 'ಠೀಕ್ ಆಹೆ' ಎಂದು ಹೇಳಿ ಬನ್ನಿ. ಬೇಡ ಅನ್ನಿಸಿಕೊಂಡರೂ ಆಕಾಶ ಕಳಚಿ ಬೀಳಲಿಲ್ಲವಲ್ಲ, ಅದು ಮನಸ್ಸಿಗೆ ಒಳ್ಳೆಯ ಔಷಧಿ. ಮಕ್ಕಳಾದರೆ ಹೆತ್ತವರನ್ನು ಕೇಳದೆ ಬೇಡವೇ ಬೇಡ. ತೆಗೆದದ್ದನ್ನು ಅವರಿಗೇ ಮೊದಲು ತೋರಿಸಿ, ಒಪ್ಪದಿದ್ದರೆ ಅಳಿಸಿ. ಅವರ ಮುಖವನ್ನು ಗ್ರೂಪಿಗೆ ಹಾಕುವುದಕ್ಕೂ ಬೇರೆಯೇ ಒಪ್ಪಿಗೆ ಬೇಕು, ಇದನ್ನು ನಾವು ಮರೆಯುವುದೇ ಹೆಚ್ಚು.

ಕೇಳಿದರೆ ಸಹಜತೆ ಹೋಗುತ್ತದೆ ಎನ್ನುವವರಿದ್ದಾರೆ. ಮೊದಲ ಫೋಟೋ ಬಿಗುವಾಗಿರುತ್ತದೆ, ಒಪ್ಪುತ್ತೇನೆ. ಐದು ನಿಮಿಷ ಅಲ್ಲೇ ಮಾತಾಡುತ್ತಾ ನಿಲ್ಲಿ, ಆಕೆ ಮತ್ತೆ ಹೂ ಕಟ್ಟತೊಡಗುತ್ತಾಳೆ. ಜನಸಾಮಾನ್ಯರ ದಿನನಿತ್ಯದ ಬದುಕಿನಲ್ಲಿ ಎಷ್ಟು ಚೆಲುವಿದೆ ಎಂದು ನೋಡಬೇಕಿದ್ದರೆ ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳನ್ನು ಹುಡುಕಿ ನೋಡಿ.

ಒಂದು ಮಾತು. ಅಂಗಡಿಗೆ ಹೋಗಲು, ಫೋನಿನಲ್ಲಿ ಮಾತಾಡಲು, ನೆಂಟರ ಮದುವೆಗೆ ಹೋಗಲೂ ಆಗದಷ್ಟು ಅಂಜಿಕೆ ಮನೆಯಲ್ಲಿ ಯಾರಿಗಾದರೂ ಇದ್ದರೆ ಅದು ಬರೀ ಸಂಕೋಚವಲ್ಲ. ಅದಕ್ಕೆ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೂ ಮಾತಾಡಬಹುದು.