ಜ್ವರ ಬಂದ ದಿನ ಹಾಜರಿ ತಪ್ಪಬಾರದು

ಒಂದು ಕಾಲದಲ್ಲಿ ಮಲೆನಾಡಿಗೆ ವರ್ಗವಾಯಿತೆಂದರೆ ಬಯಲುಸೀಮೆಯ ನೌಕರರು ಹೆದರುತ್ತಿದ್ದರು. ಕಾರಣ ಮಳೆಯಲ್ಲ, ಚಳಿಜ್ವರ. ಡಿಡಿಟಿ ಸಿಂಪಡಣೆ, 1953ರಲ್ಲಿ ಶುರುವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಅದನ್ನು ಹಿಮ್ಮೆಟ್ಟಿಸಿದವು. ಅದೇ ದಶಕದಲ್ಲಿ, 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. 2024ರ ಆರಂಭದಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಊರುಗಳೂ ಅದರ ಭಯ ಕಂಡವು.

ಹೀಗಾಗಿ ಇಲ್ಲಿ ಈಗ ಕೊಯ್ಲಿನ ಕಾಲದ ಜ್ವರವೆಂದರೆ ಮಂಗನ ಕಾಯಿಲೆ, ಮಳೆಗಾಲದ್ದೆಂದರೆ ಡೆಂಗಿ. ಮಲೇರಿಯಾ ಮನಸ್ಸಿನಿಂದಲೇ ಬಿಟ್ಟುಹೋಗಿದೆ. ಆದರೆ ಕಾಫಿ ಕೊಯ್ಲಿಗೆ ನಮ್ಮ ಲೈನ್ ಮನೆಗಳಿಗೆ ಬರುವವರಲ್ಲಿ ಜಾರ್ಖಂಡ್, ಒಡಿಶಾದಂಥ ಕಡೆಯವರೂ ಇದ್ದಾರೆ. ಅಲ್ಲಿ ಮಲೇರಿಯಾ ಇನ್ನೂ ಹೋಗಿಲ್ಲ. ಮಲೇರಿಯಾ ತರುವ ವೈವಾಕ್ಸ್ ಪರಾವಲಂಬಿ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಅಡಗಿದ್ದು ಮತ್ತೆ ಎದ್ದು ಬರಬಲ್ಲದು.

ಗಡಗಡ ನಡುಕ, ಆಮೇಲೆ ಸುಡುವ ಜ್ವರ, ಕೊನೆಗೆ ಬೆವರು. ಒಂದು ದಿನ ಬಿಟ್ಟು ಮತ್ತದೇ. ಇದು ಮಲೇರಿಯಾದ ಹಳೆಯ ಗುರುತು. ಮಂಗನ ಕಾಯಿಲೆ ಒಮ್ಮೆಲೇ ಏರುವ ಜ್ವರ, ವಿಪರೀತ ತಲೆನೋವು, ಮೈಕೈ ನೋವು, ಕೆಂಗಣ್ಣುಗಳೊಂದಿಗೆ ಬರುತ್ತದೆ. ಕೆಲವರಿಗೆ ಮೂಗು, ವಸಡಿನಿಂದ ರಕ್ತ. ಆದರೆ ಮೊದಲ ಎರಡು ದಿನ ಈ ಗುರುತುಗಳನ್ನು ನಂಬುವಂತಿಲ್ಲ. ಫಾಲ್ಸಿಪಾರಂ ಮಲೇರಿಯಾ ದಿನ ಲೆಕ್ಕ ಹಾಕಿ ಬರುವುದಿಲ್ಲ. ತಡವಾದರೆ ಮೆದುಳಿಗೇರಿ ಪ್ರಜ್ಞೆ ತಪ್ಪಿಸಬಹುದು. ಮಂಗನ ಕಾಯಿಲೆ ಹರಡುವ ಉಣುಗು ಕಚ್ಚಿದ್ದು ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಮಾತ್ರೆ ನುಂಗಿ ಜ್ವರ ಇಳಿಸಿಕೊಂಡು ಮರುದಿನ ತೋಟಕ್ಕೆ ಹೋಗುವುದು ತೀರಾ ಅಪಾಯ. ರಕ್ತ ಸ್ರವಿಸುವ ಕಾಯಿಲೆಯಿದ್ದರೆ ಅಂಗಡಿಯಲ್ಲಿ ಕೇಳಿ ತಂದ ನೋವಿನ ಮಾತ್ರೆ ಇನ್ನೂ ಕೆಡುಕು ಮಾಡಬಹುದು.

ಎರಡಕ್ಕೂ ಉತ್ತರ ರಕ್ತಪರೀಕ್ಷೆಯೇ. ಮಲೇರಿಯಾ ಪರೀಕ್ಷೆ, ಔಷಧಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಮಂಗನ ಕಾಯಿಲೆಗೆ ನಿರ್ದಿಷ್ಟ ಔಷಧಿಯಿಲ್ಲ; ಬೇಗ ದಾಖಲಾದರೆ ಆರೈಕೆಯಿಂದ ಜೀವ ಉಳಿಯುತ್ತದೆ.

ಇಷ್ಟೆಲ್ಲ ಭಿತ್ತಿಪತ್ರಗಳಲ್ಲೂ ಇದೆ. ಆದರೂ ಕೂಲಿಯಾಳು ಮೂರನೆಯ ದಿನಕ್ಕೆ ಆಸ್ಪತ್ರೆಗೆ ಬರುವುದೇಕೆ? ತಿಳಿವಳಿಕೆ ಇಲ್ಲದ್ದಕ್ಕಿಂತ, ಹೋದರೆ ಆ ದಿನದ ಕೂಲಿ ಹೋಗುತ್ತದೆ ಎಂಬುದೇ ದೊಡ್ಡ ಕಾರಣವೆಂದು ನನ್ನ ನಂಬಿಕೆ. ತೋಟದಿಂದ ಡಾಂಬರು ರಸ್ತೆಗೆ ನಡೆದು, ಬಸ್ಸು ಕಾದು, ಸಾಲಿನಲ್ಲಿ ನಿಂತು ಬರುವಷ್ಟರಲ್ಲಿ ಸಂಜೆಯಾಗುತ್ತದೆ. ಅವರ ಬಡತನವನ್ನು ಅಸಡ್ಡೆ ಎಂದು ಕರೆಯುವುದು ನಮಗೆ ಸುಲಭವಾಗಿದೆ.

ತೋಟದ ಮಾಲೀಕರು ಜ್ವರದ ಮೊದಲ ದಿನವನ್ನು ಹಾಜರಿ ಪುಸ್ತಕದಲ್ಲಿ ಕೆಲಸದ ದಿನವೆಂದೇ ಬರೆಯಲಿ, ಕಾಫಿ ಸಾಗಿಸುವ ಜೀಪನ್ನು ಅಂದು ಆಸ್ಪತ್ರೆಗೆ ಕಳಿಸಲಿ. ಆರೋಗ್ಯ ಇಲಾಖೆಯವರು ಒಂದೇ ಭೇಟಿಯಲ್ಲಿ ಎರಡೂ ಪರೀಕ್ಷೆಗೆ ರಕ್ತ ತೆಗೆಯಲಿ. ವೈವಾಕ್ಸ್‌ಗೆ ಮೂರು ದಿನದ ಕ್ಲೋರೋಕ್ವಿನ್ ಜೊತೆ 14 ದಿನ ಪ್ರೈಮಾಕ್ವಿನ್ ನುಂಗಬೇಕು. ಅಷ್ಟರಲ್ಲಿ ಕೊಯ್ಲು ಮುಗಿದು ಕೂಲಿಯಾಳುಗಳು ಬೇರೆ ತೋಟಕ್ಕೆ ಹೊರಟಿರುತ್ತಾರೆ. ಉಳಿದ ಮಾತ್ರೆಗಳೂ, ಚಿಕಿತ್ಸೆಯ ಚೀಟಿಯೂ ಅವರ ಗಂಟಿನಲ್ಲಿವೆಯೇ ಎಂದು ಹೊರಡುವ ಮುನ್ನ ಯಾರಾದರೂ ನೋಡಬೇಕು.