ಬೀಗ ಹಾಕಿದ ಮನೆಗೆ ಯಾರ ಕಾವಲು?

ದಸರಾ ರಜೆ ಬಂತೆಂದರೆ ಊರಿಗೆ ಹೊರಡುವವರಷ್ಟೇ ಸಡಗರ ಮನೆಗಳ್ಳರಿಗೂ. ಗೇಟಿನೊಳಗೆ ಬಿದ್ದ ನಾಲ್ಕು ದಿನದ ಪತ್ರಿಕೆ, ರಂಗೋಲಿಯಿಲ್ಲದ ಬಾಗಿಲು, ಹಗಲಲ್ಲೂ ಉರಿಯುವ ವರಾಂಡದ ದೀಪ– ಅವರಿಗೆ ಇಷ್ಟು ಸುಳಿವು ಸಾಕು. ಊರಿಗೆ ಹೋಗುವ ಮುನ್ನ ಠಾಣೆಗೆ ತಿಳಿಸಿ ಎಂದು ಪೊಲೀಸರು ಹೇಳುತ್ತಲೇ ಇರುತ್ತಾರೆ. ಆದರೆ ಠಾಣೆಯ ಮೆಟ್ಟಿಲು ಹತ್ತಲು ಜನರಿಗೆ ಇನ್ನೂ ಅಳುಕು. ತಪ್ಪು ಜನರದಷ್ಟೇ ಅಲ್ಲ. 2025ರ ಜುಲೈನಲ್ಲಿ ಕರ್ನಾಟಕದಲ್ಲಿ ಶುರುವಾದ, ಬೀಟ್ ಪೊಲೀಸರೇ ಮನೆ ಬಾಗಿಲಿಗೆ ಬರುವ ‘ಮನೆ ಮನೆಗೆ ಪೊಲೀಸ್’ ಒಳ್ಳೆಯ ಯೋಚನೆಯೇ. ಆದರೆ ಬೀಟ್ ಸಿಬ್ಬಂದಿಯನ್ನು ಬಂದೋಬಸ್ತು, ಕೋರ್ಟು ಎಂದು ಎಳೆದಾಡಿದರೆ ಅವರು ಮನೆ ಬಾಗಿಲಿಗೆ ಬರುವುದು ಯಾವಾಗ? ಪುಸ್ತಕದಲ್ಲಿ ಸಹಿ ಹಾಕಿ ಹೋಗುವುದು ಗಸ್ತಲ್ಲ. ಬೀಗ ಹಾಕಿದ ಮನೆಗಳ ಪಟ್ಟಿ ರಾತ್ರಿ ಪಾಳಿಯವರ ಕೈಯಲ್ಲಿರಲಿ. ಪಕ್ಕದ ಮನೆಯ ಚಿಲಕ ಮುರಿಯುವ ಸದ್ದು ಕೇಳಿದರೆ ನೆರೆಯವರೂ ಹಿಂಜರಿಯದೆ 112ಕ್ಕೆ ಕರೆ ಮಾಡಲಿ.